ಎಡಕ್ಕೆ ಹೊಸೆದ ಹಗ್ಗ

ಸೂತಕದ ನಾಯಿ, ಕೈ ತೆಗಿಯೋ ಹುಲ್ಲಿನ ಮೇಲಿಂದ, ಎಂದು ಕುರಾಹಾಶಿ ಯಜಮಾನರು ಕೂಗಿದ್ದು ಗುಡಿಯ ಅಂಗಳದಲ್ಲಿ ನೆರೆದವರಿಗೆಲ್ಲ ಕೇಳಿಸಿತು, ಕೇಳಿಸಲೆಂದೇ ಕೂಗಿದ್ದು, ತಕೆಹಿಕೊನ ಬೆರಳ ಸಂದಿಯಲ್ಲಿ ಇನ್ನೂ ಆ ಒಂದು ಹುಲ್ಲೆಳೆ — ಗುಡಿಯ ಮುಂದೆ ಕಟ್ಟುವ ಹಗ್ಗದಿಂದ ಎದ್ದು ನಿಂತಿತ್ತು, ಒಳಗೆ ಸಿಕ್ಕಿಸೋಣವೆಂದು ಬಗ್ಗಿದ್ದ, ಅಷ್ಟೇ, ಅರ್ಚಕರ ಕಣ್ಣಿಗೆ ಬಿದ್ದ, ಬಿಟ್ಟಿದ್ದರೆ ಏನಾಗುತ್ತಿತ್ತು, ಆದರೆ ಹದಿನಾರು ದಿನ ಗುಡಿಯ ಹಿಂಬದಿಯ ಕೊಟ್ಟಿಗೆಯಲ್ಲಿ ಬಾಗಿಲು ಮುಚ್ಚಿ ತಾನೇ ಹೊಸೆದ ಹಗ್ಗ, ತಬ್ಬಿದರೆ ತೋಳಿಗೆ ಸಿಗದಷ್ಟು ದಪ್ಪ, ಲೋಕದ ಹಗ್ಗವೆಲ್ಲ ಬಲಕ್ಕೆ, ದೇವರದು ಎಡಕ್ಕೆ, ಅದನ್ನು ಕಲಿಸಿದವರೂ ಈ ಯಜಮಾನರೇ, ಹದಿನೈದಕ್ಕೆ ಶಾಲೆ ಬಿಟ್ಟು ಬಂದವನಿಗೆ, ಪುಸ್ತಕ ಒಲ್ಲದ ಕೈಗೆ ಹುಲ್ಲು ಒಲಿಯುತ್ತೆ ಕಣೋ ಎಂದವರು. ಅಮ್ಮ ಹೋಗಿ ಇವತ್ತಿಗೆ ಮೂವತ್ತೊಂದು ದಿನ, ಸೂತಕದ ಐವತ್ತು ಕಳೆಯುವ ತನಕ ಗುಡಿಯ ಮುಂದಿನ ತೋರೀ ಕಮಾನು ದಾಟಬಾರದು, ಅವನಿಗೆ ಗೊತ್ತಿಲ್ಲವೇ, ಅಮ್ಮನ ಪಟದ ಮುಂದೆ ತೆಪ್ಪಗೆ ಕೂತಿದ್ದ, ಹೊಸ್ತಿಲಿಗೆ ಬಂದವರು ಯಾರು, ಇದೇ ಯಜಮಾನರು, ಕಮಾನಿನ ಕೆಳಗೆ ತಾನೇ ಬರಬಾರದು ಮರಿ, ಪಕ್ಕದ ಬಿದಿರ ಸಂದಿಯಿಂದ ಬಾ, ನಿಮ್ಮಮ್ಮ ಏನೂ ಅಂದ್ಕೊಳ್ಳಲ್ಲ, ಎಂದು ಅಂಗಿಯ ತೋಳಿನಿಂದ ಕೈ ಹೊರಗೆಳೆದು ತೋರಿಸಿದರು — ಬೆರಳು ಒಣಶುಂಠಿಯ ಹಾಗೆ ಒಳಕ್ಕೆ ಮುರುಟಿಕೊಂಡಿದ್ದವು, ಬಿಡಿಸಲು ಹೋದರೆ ನಡುಗುತ್ತಿದ್ದವು, ಯಾರಿಗೂ ಹೇಳಬ್ಯಾಡ, ಗೊತ್ತಾದ್ರೆ ಹಗ್ಗದ ಕೆಲಸ ಆಚೆ ಊರಿನವರ ಪಾಲು, ಅತ್ತಿದ್ದರು, ಅವನೂ ಅತ್ತಿದ್ದ, ಥೂ. ಇವನನ್ನ ಒಳಗೆ ಬಿಟ್ಟೋರು ಯಾರು ಎನ್ನುತ್ತಿದ್ದಾರೆ ಅರ್ಚಕರು, ನನಗೇನ್ ಗೊತ್ತು ಸ್ವಾಮಿ, ಯಜಮಾನರ ಉತ್ತರ, ಹಗ್ಗ ಪೂರ್ತಿ ನನ್ನ ಕೈದೇ, ಇವನು ಇವತ್ತು ಕಳ್ಳಬೆಕ್ಕಿನ ಹಾಗೆ ನುಗ್ಗಿದಾನೆ, ಐವತ್ತರ ತನಕ ಎಣಿಸೋಕೂ ಕಲೀಲಿಲ್ಲ ಪಾಪ, ಎಲ್ಲರೂ ನಕ್ಕರು, ಸೋಯಾ ಅರೆದ ಮಿಸೋ ಮಾರುವ ಓತಕಿ ಅಜ್ಜಿಯೂ ನಕ್ಕಳು, ಅಮ್ಮನ ಜೊತೆ ದಿನವೂ ಚಹಾ ಕುಡಿದವಳು. ಮುಟ್ಟಿದ ಜಾಗಕ್ಕೆ ಶುದ್ಧಿಯ ಉಪ್ಪು ಹಾಕಿದರೆ ಸಾಕು, ಪೂರ್ತಿ ಇವನದೇ ಆಗಿದ್ದರೆ ಸುಡಬೇಕಿತ್ತು, ಅರ್ಚಕರ ಮಾತು, ಬಿಳಿ ಉಪ್ಪು ಹುಲ್ಲಿನ ಮೇಲೆ, ಅವನ ಕಾಲಿನ ಮೇಲೆ — ಕೈ ಚಾಚಿ ತೋರಿಸಿ ಯಜಮಾನ್ರೇ, ಒಂದೇ ಮಾತು, ನಾಲಿಗೆಯ ತುದಿಯಲ್ಲೇ ಇದೆ, ಆಡಿದರೆ ಮುದುಕ ಮುಗಿದ, ಹಗ್ಗವೂ ಬೂದಿ, ಮುದುಕನಿಗೆ ಗೊತ್ತು, ಇವನು ಹಗ್ಗ ಸುಡಲು ಬಿಡುವುದಿಲ್ಲವೆಂದು ಗೊತ್ತು, ಗೊತ್ತಿದ್ದೇ ಕೂಗಿದ್ದು — ಎದ್ದ, ಮೊಣಕಾಲಿನ ಹುಲ್ಲು ಕೊಡವಿಕೊಳ್ಳಲಿಲ್ಲ, ಏನೋ ಬಾಯಿ ಬಿದ್ದೋಯ್ತಾ ಎಂದರು ಯಾರೋ, ಹಿಂದೆ ಹಗ್ಗ ಎತ್ತುವವರ ಹೂಂಕಾರ, ಮುಂದೆ ಬಿದಿರ ಸಂದಿ, ತಣ್ಣಗಿನ ಎಲೆ ಕೆನ್ನೆಗೆ, ನಡೆದ, ನಡೆದ, ಕಣ್ಣಲ್ಲಿ ಅದೊಂದೇ — ಅಂಗಿಯ ತೋಳಿನೊಳಗೆ ಬೆಚ್ಚಗೆ ಅಡಗಿ ಕೂತ ಬೆರಳು, ಬೆರಳು, ಒಣಶುಂಠಿಯ ಹಾಗೆ ಮುರುಟಿಕೊಂಡ ಬೆರಳು