ಏಳನೇ ಕಾಲಮು

ಸುಗುಣಾ ಮಿಷನರಿಯಾಗಿ ಆಫ್ರಿಕಾಕ್ಕೆ ಹೊರಡುವ ತಯಾರಿ ಶುರುಮಾಡಿದ್ದು ನಮ್ಮ ರೂಮಿನ ಎಸಿ ಆಫ್ ಮಾಡಿ. ಅವಳು ಹೋಗಲಿರುವ ಮಲಾವಿಯ ಹಳ್ಳಿಯಲ್ಲಿ ಕರೆಂಟು ಇರುವುದಿಲ್ಲವಂತೆ, ಈಗಿನಿಂದಲೇ ಮೈ ಪಳಗಬೇಕಂತೆ. ಸೌದಿಯ ತಬೂಕಿನ ಜುಲೈ ತಿಂಗಳು. ಅವಳ ತ್ಯಾಗಕ್ಕೆ ಪಕ್ಕದ ಮಂಚದಲ್ಲಿ ನಾನೂ ಬೆವರಿದೆ. ನೆಲದ ಮೇಲೆ ಮಲಗಿದಳು, ಮೆಕ್ಕೆಜೋಳದ ಹಿಟ್ಟಿನ ಗಂಜಿ ಕುಡಿದಳು, ಅರ್ಧ ಬಕೆಟ್ ನೀರಲ್ಲಿ ಸ್ನಾನ ಮುಗಿಸಿದಳು. ಮೊದಲ ವರ್ಷ ಗಟ್ಟಿಯಾಗಿ ನಿಂತರೆ ಮುಂದಿನದೆಲ್ಲ ಸಲೀಸು ಎಂದು ಮಿಷನ್ನಿನವರು ಹೇಳಿದ್ದರಂತೆ.

ನಾನು ರುಕಯ್ಯಾ, ಉಳ್ಳಾಲದವಳು. ಅವಳು ಉಡುಪಿಯವಳು. ಒಂದೇ ಆಸ್ಪತ್ರೆಯ ನರ್ಸುಗಳು, ಎಂಟು ವರ್ಷದಿಂದ ಒಂದೇ ರೂಮು. ಈ ದೇಶದಲ್ಲಿ ಅವಳಿಗೆ ಚರ್ಚಿಲ್ಲ. ಶುಕ್ರವಾರ ಅವಳು ಮೆಲ್ಲಗೆ ಕೀರ್ತನೆ ಹಾಡುವಾಗ ಕಾರಿಡಾರಿಗೆ ಕೇಳದಿರಲೆಂದು ನಾನು ಮಿಕ್ಸಿ ಹಾಕುತ್ತಿದ್ದೆ. ಅರೆಯಲು ಏನೂ ಇಲ್ಲದ ದಿನ ಬರೀ ನೀರು ಹಾಕಿಯಾದರೂ ತಿರುಗಿಸುತ್ತಿದ್ದೆ. ರಂಜಾನಿನಲ್ಲಿ ಅವಳು ನನ್ನೆದುರು ಒಂದು ಗುಟುಕು ನೀರು ಕುಡಿದವಳಲ್ಲ. ಇದಕ್ಕೆ ಗೆಳೆತನ ಎನ್ನುತ್ತಾರೆ ಎಂದುಕೊಂಡಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮಿಷನ್ನಿನ ಅರ್ಜಿಯ ಜೊತೆಗೆ, ಅವಳೊಂದಿಗೆ ಬದುಕಿದ ಬೇರೆ ಧರ್ಮದವರೊಬ್ಬರ ಅಭಿಪ್ರಾಯ ಬೇಕಿತ್ತು. ಅದಿಲ್ಲದೆ ಅವಳನ್ನು ಕಳಿಸುವುದಿಲ್ಲ. ಸುಗುಣಾ ಇಡೀ ಫೈಲನ್ನೇ ನನ್ನ ಕೈಗಿಟ್ಟು, ನಿನ್ನ ಪುಟ ಬರೆ, ನನ್ನದರಲ್ಲಿ ಕನ್ನಡ ತಪ್ಪಿದ್ದರೆ ತಿದ್ದು ಎಂದಳು.

ಏಳನೇ ಕಾಲಮು: ಈವರೆಗೆ ಸಹಿಸಿದ ಕಷ್ಟಗಳು. ಅವಳ ದುಂಡಗಿನ ಅಕ್ಷರದಲ್ಲಿ ಮೊದಲನೆಯದೇ ನಾನು. ‘ಎಂಟು ವರ್ಷ ಅನ್ಯಧರ್ಮದವಳೊಬ್ಬಳ ಜೊತೆ ಒಂದೇ ಕೋಣೆಯಲ್ಲಿ, ದೇವರ ಕೃಪೆಯಿಂದ, ತಾಳ್ಮೆಗೆಡದೆ ಬಾಳಿದೆ.’ ಅದರ ಕೆಳಗೆ: ‘ಕೊರೊನಾ ಬಂದಾಗ ಹದಿನಾಲ್ಕು ದಿನ ಒಂಟಿಯಾಗಿದ್ದೆ. ಕರ್ತನೊಬ್ಬನೇ ಜೊತೆಗಿದ್ದ.’

ಆ ಹದಿನಾಲ್ಕು ದಿನ ಗಂಜಿ ಬೇಯಿಸಿದ್ದು, ಅವಳ ವಾಂತಿ ಬಳಿದದ್ದು ನಾನು. ಹದಿನೈದನೇ ದಿನ ನನಗೇ ಜ್ವರ ಬಂತು.

ಇದೆಂತ ಎಂದು ಕೇಳಿದೆ. ಅವಳು ಸೊಳ್ಳೆಪರದೆ ಮಡಚಿ ಸೂಟ್‌ಕೇಸಿಗೆ ತುರುಕುತ್ತಿದ್ದಳು.

“ಅದು ಹಾಗೇ ಬರೀಬೇಕು ಮಾರಾಯ್ತಿ. ಕಷ್ಟ ಪಡದವರನ್ನು ಅವರು ತೆಗೊಳ್ಳುದಿಲ್ಲ. ಅದು ನಿನ್ನ ಬಗ್ಗೆ ಅಲ್ಲ.”

ಹಾಗಾದರೆ ಎಂಟು ವರ್ಷ ಪಕ್ಕದ ಮಂಚದಲ್ಲಿ ಮಲಗಿದವಳು ಯಾರು? ಅವಳ ಮುಖದಲ್ಲಿ ಒಂದಿಷ್ಟು ಅಳುಕು ಕಂಡಿದ್ದರೆ ಜಗಳವಾದರೂ ಆಡಬಹುದಿತ್ತು. ಕಾಣಲಿಲ್ಲ.

ನಾನು ಒಂದು ಸಾಲು ಬರೆದರೆ ಅವಳ ಮಲಾವಿ ಇಲ್ಲಿಗೇ ಮುಗಿಯುತ್ತಿತ್ತು. ಪೆನ್ನು ಹಿಡಿದೆ. ಬರೆಯುವ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ. ಕಡೆಗೆ ಬರೆದದ್ದು ಇಷ್ಟು: ‘ಇವರು ಎಂಥವರ ಜೊತೆಗೂ ಬಾಳಬಲ್ಲರು. ಇವರಿಗೆ ಕಷ್ಟವಾಗುತ್ತಿದೆ ಎಂಬುದು ಜೊತೆಗಿದ್ದವರಿಗೆ ಎಂಟು ವರ್ಷವಾದರೂ ತಿಳಿಯುವುದಿಲ್ಲ.’

ಸುಗುಣಾ ಎರಡು ಸಲ ಓದಿದಳು. ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಯಾರೂ ಬರೆದಿಲ್ಲ ಎಂದು ಕಣ್ಣೊರೆಸಿಕೊಂಡಳು. ನನ್ನನ್ನು ಬಿಗಿಯಾಗಿ ಅಪ್ಪಿಕೊಂಡಳು.

“ನಿನ್ನನ್ನು ಬಿಟ್ಟು ಹೋಗುದೇ ನನಗೆ ದೊಡ್ಡ ಕಷ್ಟ, ರುಕಯ್ಯಾ.”

“ಅದನ್ನೂ ಏಳನೇ ಕಾಲಮಿಗೆ ಸೇರಿಸು,” ಎಂದೆ. “ಜಾಗ ಉಂಟು.”

ಅವಳು ಒಂದು ಗಳಿಗೆ ಯೋಚಿಸಿ, ಪೆನ್ನು ಕೇಳಿದಳು.