ಆ ಹಾಡು ಬೇಡ

ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಮನೆಯವರ ಹಳೆಯ ದೂರು. ಇರಲಿ, ಅದೇನು ಸುಳ್ಳಲ್ಲ. ಅಪ್ಪನಂತೂ ಅವಳನ್ನು ಕರೆಯುವುದೇ ಪಟಾಕಿ ಎಂದು. ಆದರೆ ಈ ಸಲದ ಕೋಪ ಮೂಗಿನದಲ್ಲ, ಹೊಟ್ಟೆಯದು. ವಾರದಿಂದ ಅಲ್ಲೇ ಕುದಿಯುತ್ತಿತ್ತು.

ಅವಳದು ಕೂದಲು ಕತ್ತರಿಸುವ, ಬಣ್ಣ ಹಚ್ಚುವ ಕೆಲಸ. ಹೋದ ವಾರ ಕಾಲೇಜಿನ ಹುಡುಗಿಯೊಬ್ಬಳು ಪಾರ್ಲರಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳುತ್ತ, ಫೋನಿನಲ್ಲಿ ಏನೋ ಕೇಳುತ್ತ ಗಳಗಳ ಅಳತೊಡಗಿದಳು. ಬಣ್ಣ ಉರಿಯಿತೇನೋ ಎಂದು ಅಕ್ಕ ಗಾಬರಿಯಿಂದ ನೀರು ತಂದರೆ, "ಬಣ್ಣ ಅಲ್ಲ ಅಕ್ಕಾ, ಈ ಹಾಡು. ಪಾಪ, ಇವನನ್ನ ಅವರಪ್ಪ ಬೆಲ್ಟಲ್ಲಿ ಹೊಡೀತಿದ್ನಂತೆ" ಎಂದು ಫೋನನ್ನು ಇವಳ ಕಡೆ ತಿರುಗಿಸಿದಳು. ಅದರಲ್ಲಿ ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದವನು ಅಕ್ಕನ ಒಡಹುಟ್ಟಿದ ತಮ್ಮ. ಹಾಡಿನ ಹೆಸರು 'ಅಪ್ಪ ಬಂದ'.

ಬೆಳಗಿನ ಜಾವ ಕೀಲಿಯ ಸದ್ದು,
ಎಡಗಾಲು ಎಳೆಯುವ ಸದ್ದು,
ಖಾಕಿಯ ಮೇಲಿನ ಬೆಲ್ಟಿನ ಸದ್ದು,
ಉಸಿರು ಬಿಗಿಹಿಡಿ, ಅಪ್ಪ ಬಂದ.

ಕೀಲಿಯ ಸದ್ದು ನಿಜ. ಅಪ್ಪ ಜೀವಮಾನವೆಲ್ಲ ರಾತ್ರಿ ಬಸ್ಸು ಓಡಿಸಿದವನು, ಮನೆಗೆ ಬರುತ್ತಿದ್ದುದೇ ಬೆಳಗಿನ ಜಾವ. ಎಡಗಾಲು ಎಳೆಯುವುದೂ ನಿಜ, ಕ್ಲಚ್ಚು ತುಳಿದು ತುಳಿದು ಮಂಡಿ ಸವೆದಿತ್ತು. ಬೆಲ್ಟು ಬಿಚ್ಚುತ್ತಿದ್ದುದೂ ನಿಜವೇ. ಮಲಗುವ ಮನುಷ್ಯ ಬಿಚ್ಚದೆ ಇನ್ನೇನು ಮಾಡಬೇಕು? ಅದು ಗೋಡೆಯ ಮೊಳೆಗೆ ತಾಗಿದ್ದು ಬಿಟ್ಟರೆ ಯಾರ ಮೈಗೂ ತಾಗಿದ್ದಿಲ್ಲ. ತಮ್ಮ ಹಗಲೆಲ್ಲ ಪಕ್ಕದ ಕೋಣೆಯಲ್ಲಿ ಗಿಟಾರು ಕುಟ್ಟುತ್ತಿದ್ದಾಗ ಅಪ್ಪ ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದನೇ ಹೊರತು ಒಂದು ದಿನವೂ ನಿಲ್ಲಿಸು ಎನ್ನಲಿಲ್ಲ. ಅಮ್ಮ ರೇಗಿದರೆ, "ಮಗು ಕಲೀಲಿ ಬಿಡೇ" ಎಂದು ಮಗ್ಗುಲು ಬದಲಿಸುತ್ತಿದ್ದ. ಅಂಥವನನ್ನು ಈ ಮಹಾನುಭಾವ ರಾಕ್ಷಸ ಮಾಡಿ ಊರಿಗೆಲ್ಲ ಡಂಗುರ ಸಾರಿದ್ದಾನೆ! ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ ಅಲ್ಲವೇ?

ಗಾಯದ ಮೇಲೆ ಬರೆ ಎಳೆದ ಹಾಗೆ, ಅಪ್ಪ ಯಾರನ್ನೂ ಕೇಳದೆ ಸಂಗೀತೋತ್ಸವದ ಎರಡು ಪಾಸು ತಂದುಬಿಟ್ಟ. ಶನಿವಾರ ಇಡೀ ದಿನ ನಗರದ ನಾಲ್ಕಾರು ಕಡೆ ಸಣ್ಣಪುಟ್ಟ ಬ್ಯಾಂಡುಗಳು ನುಡಿಸುತ್ತವೆ. ಮಣಿಕಟ್ಟಿಗೆ ಒಂದು ಕಾಗದದ ಪಟ್ಟಿ ಕಟ್ಟಿಸಿಕೊಂಡರೆ ಯಾವ ಬಾಗಿಲಿಗೆ ಬೇಕಾದರೂ ನುಗ್ಗಬಹುದು. ಸಂಜೆ ಹಳೆಯ ಚಿತ್ರಮಂದಿರದಲ್ಲಿ ತಮ್ಮನ ಬ್ಯಾಂಡು.

"ಅವನು ಹಾಡೋ ಹೊತ್ತಿಗೆ ನಾನು ಯಾವಾಗ್ಲೂ ಸ್ಟೇರಿಂಗ್ ಹಿಡ್ಕೊಂಡಿರ್ತಿದ್ದೆ. ನಿವೃತ್ತಿ ಆದ್ಮೇಲಾದ್ರೂ ಎದುರಿಗೆ ನಿಂತು ಕೇಳ್ಬೇಡ್ವೇನೇ?" ಎಂದ ಅಪ್ಪ. "ಅವನಿಗೆ ಮಾತ್ರ ಹೇಳ್ಬೇಡ ಪಟಾಕಿ. ಸುಮ್ನೆ ಹೋಗಿ ಮುಂದೆ ನಿಂತ್ಬಿಡೋಣ."

ಅಪ್ಪನದು ಗುಂಡಿ ಒತ್ತುವ ಫೋನು, ಆ ಹಾಡು ಅವನ ಕಿವಿಗೆ ಬಿದ್ದಿರಲಿಲ್ಲ. ಬೀಳಲೂಬಾರದು. ಅಕ್ಕ ತಮ್ಮನಿಗೆ ಫೋನು ಮಾಡಿದಳು, ಎತ್ತಲಿಲ್ಲ. 'ಶನಿವಾರ ಅಪ್ಪ ಬರ್ತಿದ್ದಾನೆ. ಆ ಹಾಡು ಬೇಡ' ಎಂದು ಬರೆದು ಕಳಿಸಿದಳು. ಅದಕ್ಕೂ ಉತ್ತರವಿಲ್ಲ.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುಮಗನ ಹಾಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಮೊದಲು ಹೋದದ್ದು ಚಪ್ಪಲಿ ಅಂಗಡಿಯ ನೆಲಮಾಳಿಗೆಗೆ. ಅಲ್ಲಿ 'ನಿದ್ದೆಗೇಡಿಗಳು' ಎಂಬ ಮೂವರು ಹುಡುಗಿಯರ ಬ್ಯಾಂಡು ಗೋಡೆ ಅದುರುವ ಹಾಗೆ ನುಡಿಸುತ್ತಿತ್ತು. ಎಲ್ಲರ ಬೆನ್ನೂ ಬೆವರಿನಲ್ಲಿ ತೊಯ್ದಿತ್ತು. ಅಪ್ಪ ಸ್ಪೀಕರಿನ ಪಕ್ಕದಲ್ಲೇ ನಿಂತು ಅಷ್ಟನ್ನೂ ಕೇಳಿ, "ಡ್ರಮ್ ಹುಡುಗಿಗೆ ಗೇರ್ ಬದಲಾಯ್ಸೋದು ಚೆನ್ನಾಗಿ ಗೊತ್ತು ಕಣೇ" ಎಂದು ತೀರ್ಪು ಕೊಟ್ಟ. ಆಮೇಲೆ ಸ್ನೂಕರ್ ಕ್ಲಬ್ಬಿನ ಮಹಡಿ. ಅಲ್ಲಿ ಒಬ್ಬನೇ ಒಬ್ಬ ಲ್ಯಾಪ್‌ಟಾಪಿನ ಮುಂದೆ ತಲೆ ಅಲ್ಲಾಡಿಸುತ್ತಿದ್ದ. "ಇವನು ನುಡಿಸ್ತಿದ್ದಾನಾ, ಆಫೀಸಿನ ಕೆಲಸ ಮುಗಿಸ್ತಿದ್ದಾನಾ?" ಎಂದು ಅಪ್ಪ ಪಿಸುಗುಟ್ಟಿದ. ಬೇರೆ ದಿನವಾಗಿದ್ದರೆ ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವಳಿಗೆ ಕಂಡ ಗಿಟಾರನ್ನೆಲ್ಲ ಕಿತ್ತು ನೆಲಕ್ಕೆ ಬಡಿಯುವಷ್ಟು ರೋಷ.

"ತಲೆನೋವು ಅಪ್ಪಾ, ಮನೆಗೆ ಹೋಗೋಣ" ಎಂದು ನೋಡಿದಳು. ಅಪ್ಪ ಜೇಬಿನಿಂದ ಮಾತ್ರೆ ತೆಗೆದು ಕೊಟ್ಟ. ಕಾಲುನೋವು ಎಂದಳು. "ನಂಗಿಲ್ವಾ? ನಡಿ ನಡಿ" ಎಂದ. ದಾರಿಯುದ್ದಕ್ಕೂ, ಸಾಲಿನಲ್ಲಿ ಹಿಂದೆ ಮುಂದೆ ನಿಂತವರಿಗೆಲ್ಲ, ನನ್ನ ಮಗನೂ ಸಂಜೆ ಹಾಡುತ್ತಾನೆ ಎಂದು ಹೇಳುತ್ತಲೇ ಇದ್ದ.

ಮಧ್ಯಾಹ್ನ ಹಳೆಯ ಗೋದಾಮಿನ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿಯ ಕಪ್ಪು ಅಂಗಿಯ ಬೆನ್ನ ಮೇಲೆ ಸುರುಳಿ ಸುತ್ತಿದ ಬೆಲ್ಟಿನ ಚಿತ್ರ, ಅದರ ಕೆಳಗೆ 'ಅಪ್ಪ ಬಂದ', ಇನ್ನೂ ಕೆಳಗೆ ಸಣ್ಣಕ್ಷರದಲ್ಲಿ ತಮ್ಮನ ಬ್ಯಾಂಡಿನ ಹೆಸರು.

ಅಪ್ಪನ ಮುಖ ಅರಳಿತು. "ನೋಡೇ, ನಮ್ಮ ಪುಟ್ಟನ ಬ್ಯಾಂಡಿನ ಹೆಸರೂ ಇದೆ ಇದ್ರಲ್ಲಿ! ಅಪ್ಪ ಬಂದ ಅಂತೆ. ಕಳ್ಳ ನನ್ಮಗ, ನನ್ನ ಮೇಲೇ ಹಾಡು ಕಟ್ಟಿ ನಂಗೇ ಹೇಳಿಲ್ಲ."

ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಅಪ್ಪನನ್ನು ಆ ಸಾಲಿನಲ್ಲೇ ಬಿಟ್ಟು, ಬಾತ್‌ರೂಮಿಗೆ ಹೋಗಿ ಬರುತ್ತೇನೆ ಎಂದು ಹೇಳಿ, ಎರಡು ಬೀದಿ ದಾಟಿ ಚಿತ್ರಮಂದಿರದ ಹಿಂಬಾಗಿಲಿಗೆ ಬಂದಳು. ತಮ್ಮ ಮೆಟ್ಟಿಲ ಮೇಲೆ ಕೂತು ಗಿಟಾರಿಗೆ ತಂತಿ ಏರಿಸುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ.

"ನನ್ನ ಮೆಸೇಜು ನೋಡಿದ್ಯೋ ಇಲ್ವೋ?"

"ನೋಡ್ದೆ ಅಕ್ಕಾ. ಆದ್ರೆ ಅದು ಅಪ್ಪ ಅಲ್ಲ, ಒಂದು ಪಾತ್ರ. ಹಾಡು ಅಂದ್ಮೇಲೆ ಸ್ವಲ್ಪ..."

"ಸ್ವಲ್ಪ? ಎಡಗಾಲು ಯಾರ್ದೋ? ಖಾಕಿ ಯಾರ್ದೋ? ಪತ್ರಿಕೆಯವರ ಮುಂದೆ ಬೆನ್ನ ಮೇಲೆ ಇನ್ನೂ ಗುರುತಿದೆ ಅಂದ್ಯಂತಲ್ಲ, ತೋರ್ಸು ನೋಡೋಣ, ತೆಗಿ ಅಂಗಿ!"

"ಮೆಲ್ಲಗೆ ಮಾತಾಡು, ಒಳಗೆ ಕೇಳುತ್ತೆ." ತಮ್ಮನ ದನಿ ಕುಸಿಯಿತು. "ಮೊದ್ಲು ಯಾರೂ ನಮ್ಮ ಹಾಡು ಕೇಳ್ತಿರ್ಲಿಲ್ಲ ಅಕ್ಕಾ. ಇದನ್ನ ಹಾಡಿದ್ಮೇಲೆ ಕೇಳಿದ್ರು. ನಿಜಾನಾ ಅಂದ್ರು, ಹೂಂ ಅಂದ್ಬಿಟ್ಟೆ. ಆಮೇಲೆ ವಾಪಸ್ ಬರೋಕೆ ದಾರೀನೇ ಇರ್ಲಿಲ್ಲ."

"ಇವತ್ತಿದೆ. ಆ ಹಾಡು ಬೇಡ."

ತಮ್ಮ ಕೈಯಲ್ಲಿದ್ದ ತಂತಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತ. ಆಮೇಲೆ ಅವಳ ಕೈ ಮೇಲೆ ಕೈಯಿಟ್ಟು, "ಆಣೆ ಅಕ್ಕಾ, ಹಾಡಲ್ಲ" ಎಂದ. ನಾಲಿಗೆಗೆ ಎಲುಬಿಲ್ಲ ಎಂಬುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಚಿಕ್ಕಂದಿನಿಂದ ತಲೆ ಬಾಚಿ ಬೆಳೆಸಿದ ತಮ್ಮ, ನಂಬಿದಳು.

ಸಂಜೆ ಚಿತ್ರಮಂದಿರ ಕಿಕ್ಕಿರಿದಿತ್ತು. ಕುರ್ಚಿಗಳನ್ನೆಲ್ಲ ಕಿತ್ತು ಹಾಕಿದ್ದರು, ಜನ ಎದೆಗೆ ಬೆನ್ನು ತಾಗಿಸಿ ನಿಂತಿದ್ದರು. "ಹಾಡೋನ ಅಪ್ಪ ನಾನು" ಎಂದು ಹೇಳಲು ಅಪ್ಪ ಬಾಯಿ ತೆರೆದಾಗಲೆಲ್ಲ ಅಕ್ಕ ಅವನ ತೋಳು ಎಳೆಯುತ್ತ, ಅಂತೂ ಇಬ್ಬರೂ ವೇದಿಕೆಯ ಅಂಚಿಗೆ ತಲುಪಿದರು. ತಮ್ಮ ಹೊರಗೆ ಬಂದವನು ಅಪ್ಪನನ್ನು ನೋಡಿದ. ಅಪ್ಪ ಚಿಕ್ಕ ಮಗುವಿಗೆ ಮಾಡುವ ಹಾಗೆ ಕೈ ಬೀಸಿದ. ತಮ್ಮನ ಮೊದಲ ಸಾಲು ಬೇಸುರಾಯಿತು.

ಆಮೇಲೆ ಸುಧಾರಿಸಿಕೊಂಡ. ಸುಳ್ಳು ಯಾಕೆ ಹೇಳಬೇಕು, ಹುಡುಗ ಚೆನ್ನಾಗಿಯೇ ಹಾಡಿದ. ಅಪ್ಪ ಕಣ್ಣು ಮುಚ್ಚಿ, ಗದ್ದ ಎತ್ತಿ ಕೇಳುತ್ತಿದ್ದ. ಒಂದೊಂದು ಹಾಡು ಮುಗಿದಾಗಲೂ ಮೊದಲ ಚಪ್ಪಾಳೆ ಅವನದೇ. ಅಕ್ಕನ ಎದೆ ಸ್ವಲ್ಪ ಹಗುರಾಯಿತು. ತಮ್ಮ ಮೈಕಿನಲ್ಲಿ, "ಇಷ್ಟೇ ಇವತ್ತಿಗೆ, ಬರ್ತೀವಿ" ಎಂದು ಗಿಟಾರಿನ ಪಟ್ಟಿಯನ್ನು ಹೆಗಲಿಂದ ಇಳಿಸತೊಡಗಿದ.

ಜನ ಬಿಟ್ಟಾರೇ? "ಅಪ್ಪ ಬಂದ! ಅಪ್ಪ ಬಂದ!" ಎಂದು ಹಿಂದಿನಿಂದ ಕೂಗು ಎದ್ದಿತು. ಕಾಲು ಬಡಿದರು, ಶಿಳ್ಳೆ ಹಾಕಿದರು. ಅಪ್ಪ ಹಿಗ್ಗಿ ಹೀರೇಕಾಯಿಯಾದ. ಎಲ್ಲರ ಜೊತೆ ತಾನೂ ಕೈ ಮೇಲೆತ್ತಿ, "ಅಪ್ಪ ಬಂದ! ಹಾಡೋ ಪುಟ್ಟಾ, ಅದನ್ನೂ ಹಾಡು!" ಎಂದು ಗಂಟಲು ಹರಿಯುವಂತೆ ಕೂಗಿದ. ತಮ್ಮ ಅಲ್ಲಾಡದೆ ನಿಂತಿದ್ದ. ಬೇಡ ಎಂದು ಹಿಂದೆ ತನ್ನ ಬ್ಯಾಂಡಿನ ಡ್ರಮ್ಮಿನವಳ ಕಡೆ ತಿರುಗಿ ತಲೆ ಆಡಿಸಿದ.

ಈ ಬ್ಯಾಂಡಿನದೊಂದು ರೂಢಿ. ಈ ಹಾಡನ್ನು ಯಾರೂ ಹೆಸರು ಹೇಳಿ ಶುರು ಮಾಡುವುದಿಲ್ಲ. ತಮ್ಮ ಮುಗಿಯಿತು ಎನ್ನುತ್ತಾನೆ, ಜನ ಬಿಡುವುದಿಲ್ಲ, ಡ್ರಮ್ಮಿನವಳು ಡ್ರಮ್ಮಿನ ಅಂಚಿಗೆ ಕೋಲಿನಿಂದ ಬಾಗಿಲು ಬಡಿದ ಹಾಗೆ ಬಡಿಯುತ್ತಾಳೆ, ದೀಪ ಆರುತ್ತದೆ, ಮೊದಲ ಸಾಲನ್ನು ಜನರೇ ಹಾಡುತ್ತಾರೆ. ಅವನು ತಲೆ ಆಡಿಸಿದ್ದನ್ನೂ ಅವಳು ದಿನನಿತ್ಯದ ನಾಟಕವೆಂದೇ ತಿಳಿದಳು.

ಟಕ್, ಟಕ್, ಟಕ್.

ಅಕ್ಕನಿಗೆ ಆಗ ಹೊಳೆಯಿತು. ಇವನು ತನ್ನ ಬ್ಯಾಂಡಿನವರಿಗೆ ಹೇಳಿಯೇ ಇರಲಿಲ್ಲ! ಹೇಗೆ ಹೇಳಿಯಾನು? ಅಪ್ಪ ಬಂದಿದ್ದಾನೆ, ಹಾಡು ಬೇಡ ಎಂದಿದ್ದರೆ, ಆ ಪಾಪಿ ಕೇಳಲಿ ಬಿಡು, ಇನ್ನೂ ಜೋರಾಗಿ ನುಡಿಸೋಣ ಎನ್ನುತ್ತಿದ್ದರು. ತನ್ನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುವವರ ಕಿವಿಗೂ ಹೂವಿಟ್ಟಿದ್ದಾನೆ. ಹೇಡಿ! ಹೆದರುಪುಕ್ಕಲ!

ಕತ್ತಲಾಯಿತು. ತಮ್ಮ ಹಾಡಲಿಲ್ಲ. ಆಣೆ ಉಳಿಸಿಕೊಂಡ, ತುಟಿ ಬಿಚ್ಚಲಿಲ್ಲ. ಅದರಿಂದ ಆದದ್ದೇನು? ಇಡೀ ಚಿತ್ರಮಂದಿರ ಹಾಡಿತು. ಎಲ್ಲರಿಗೂ ಬಾಯಿಪಾಠ. ಕೀಲಿಯ ಸದ್ದಿಗೆ ಅಪ್ಪ ನಗುತ್ತಲೇ ತಲೆದೂಗಿದ. ಎಡಗಾಲು ಎಂದಾಗ ತನ್ನ ಕಾಲನ್ನು ನೋಡಿಕೊಂಡ. ಬೆಲ್ಟು ಎಂದಾಗ ಎತ್ತಿದ್ದ ಕೈ ಕೆಳಗಿಳಿಯಿತು. ಮುಂದಿನ ಚರಣದಲ್ಲಿ ಏಟುಗಳಿದ್ದವು, ಮಂಚದ ಕೆಳಗೆ ಅಡಗಿದ ಮಗುವಿತ್ತು. ಹೊರಗೆ ಹೋಗೋಣ ಎಂದು ಅಕ್ಕ ತೋಳು ಹಿಡಿದು ಜಗ್ಗಿದರೂ ಅಪ್ಪ ಕದಲಲಿಲ್ಲ. ಕೊನೆಯ ಅಕ್ಷರದವರೆಗೂ ನಿಂತು ಕೇಳಿದ.

ಪಕ್ಕದಲ್ಲಿ ಒಬ್ಬ ಗಡ್ಡದವನು, ಆಳೆತ್ತರದ ಗಟ್ಟಿಮುಟ್ಟು ಮನುಷ್ಯ, ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ನಮ್ಮಪ್ಪನೂ ಹೀಗೇ ಇದ್ದ ಅಂಕಲ್" ಎಂದು ಅಪ್ಪನ ಹೆಗಲಿಗೆ ಆತುಕೊಂಡ. ಅಪ್ಪ ಅವನ ಬೆನ್ನು ಸವರಿ, "ಅಳ್ಬೇಡಪ್ಪ, ಅಳ್ಬೇಡ" ಎಂದ.

ಹಿಂಬಾಗಿಲ ಆಚೆ, ಸಾಮಾನು ತುಂಬುವ ವ್ಯಾನುಗಳ ನಡುವೆ ತಮ್ಮ ಒಬ್ಬನೇ ನಿಂತಿದ್ದ. ಅಕ್ಕ ದಡದಡ ಹೋದವಳೇ ಕೈ ಎತ್ತಿಬಿಟ್ಟಳು. ಹಿಂದಿನಿಂದ ಅಪ್ಪ ಅದನ್ನು ಹಿಡಿದ.

"ನಾನೇ ಹೊಡೀಲಿಲ್ಲ, ನೀನ್ಯಾಕೆ ಹೊಡೀತೀಯಾ?"

"ಅಪ್ಪಾ," ತಮ್ಮ ತೊದಲಿದ, "ಅದು ನೀನಲ್ಲ ಅಪ್ಪಾ, ಸುಮ್ನೆ ಹಾಡಿಗೆ..."

"ನಾನಲ್ಲ ಅಂತ ನಂಗೊತ್ತು ಕಣೋ. ಅವರಿಗೆ ಗೊತ್ತಾ?"

ತಮ್ಮ ಕಾಲ ಬಳಿಯ ಕಲ್ಲನ್ನು ಚಪ್ಪಲಿಯ ತುದಿಯಿಂದ ತಳ್ಳಿದ.

"ಹೋಗಿ ಹೇಳು. ನಾನು ಇಲ್ಲೇ ನಿಂತಿರ್ತೀನಿ."

ತಮ್ಮ ಬಾಗಿಲ ಕಡೆ ನೋಡಿದ, ಕಾಲು ಕೀಳಲಿಲ್ಲ. ಅಷ್ಟರಲ್ಲಿ ಬಾಗಿಲು ತಾನೇ ತೆರೆಯಿತು. ಡ್ರಮ್ಮಿನವಳು, ಬ್ಯಾಂಡಿನ ಇನ್ನಿಬ್ಬರು, ಅವರ ಹಿಂದೆ ಕಣ್ಣು ಕೆಂಪಾದ ಅದೇ ಗಡ್ಡದವನು ಫೋನು ಹಿಡಿದುಕೊಂಡು ಬಂದರು. ಡ್ರಮ್ಮಿನವಳು ಅಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಇವರ್ಯಾರೋ?" ಎಂದಳು.

ಈಗಲಾದರೂ ಹೇಳೋ, ಎಂದು ಅಕ್ಕ ಹಲ್ಲು ಕಚ್ಚಿ ಕಾದಳು. ಒಂದೇ ಒಂದು ಮಾತು. ನಮ್ಮಪ್ಪ ಎನ್ನು, ಸಾಕು, ಹಿಂದಿನದೆಲ್ಲ ಮಾಫಿ. ತಮ್ಮ ಬಾಯಿ ತೆರೆದ. ಗಡ್ಡದವನ ಕೆಂಪು ಕಣ್ಣು ನೋಡಿದ. ಬಾಯಿ ಮುಚ್ಚಿದ.

"ನಾನು ಬಾಡಿಗೆ ವ್ಯಾನಿನ ಡ್ರೈವರಮ್ಮ," ಎಂದ ಅಪ್ಪ. "ಹಾಡು ಕೇಳೋಣ ಅಂತ ಒಳಗೆ ಬಂದಿದ್ದೆ."

"ಓ, ಒಳಗೆ ನನ್ನ ಪಕ್ಕದಲ್ಲಿದ್ರಲ್ಲ!" ಗಡ್ಡದವನು ಫೋನನ್ನು ಅಪ್ಪನ ಕೈಗಿಟ್ಟ. "ಡ್ರೈವರಣ್ಣ, ಇವರ ಜೊತೆ ನಂದೊಂದು ಫೋಟೋ ತೆಗೀತೀರಾ?"

"ಎಲ್ಲಿ ಒತ್ತಬೇಕು ತೋರ್ಸಪ್ಪ."

ಅಕ್ಕನ ತಾಳ್ಮೆ ಹರಿಯಿತು. "ಅಯ್ಯೋ, ಇವನು..." ಎಂದು ಮುಂದೆ ನುಗ್ಗಿದಳು. ಅಪ್ಪ ಅವಳ ಕಡೆ ನೋಡಿದ. ಹುಟ್ಟಿದಾಗಿನಿಂದ ಅವಳು ಆ ಮುಖದಲ್ಲಿ ಅಂಥ ನೋಟ ಕಂಡಿರಲಿಲ್ಲ.

"ಅಮ್ಮಾ, ನೀವು ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ," ಎಂದ. "ಬೆಳಕಿಗೆ ಅಡ್ಡ ಬರ್ತಿದ್ದೀರಿ."

ಅಕ್ಕ ನಿಂತಲ್ಲೇ ನಿಂತಳು. ಬ್ಯಾಂಡಿನವರು ವ್ಯಾನಿಗೆ ಒರಗಿ ಸಾಲಾದರು, ಗಡ್ಡದವನು ನಡುವೆ ಸೇರಿಕೊಂಡ. ತಮ್ಮ ಅಂಚಿನಲ್ಲಿ ಅರ್ಧ ಮರೆಯಾಗಿ ನಿಂತ. ಅಪ್ಪ ಫೋನನ್ನು ಎರಡು ಕೈಯಲ್ಲಿ ಹಿಡಿದು, ಒಂದು ಹೆಜ್ಜೆ ಹಿಂದಕ್ಕೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ.

"ಸಾರ್, ಹಾಡೋರು ನೀವಲ್ವಾ? ನೀವು ಮಧ್ಯಕ್ಕೆ ಬನ್ನಿ. ಹಾಂ, ಹಾಗೆ. ಸ್ವಲ್ಪ ನಗಿ ಸಾರ್."

ತಮ್ಮ ಮಧ್ಯಕ್ಕೆ ಬಂದು ನಿಂತು, ನಕ್ಕ.