ಬೆಂಚು, ಚಾಪೆ, ಎರಡು ಬಟ್ಟಲು

ಟಿಕ್ ಎಂದು ಸಣ್ಣ ಸದ್ದಾಯಿತು. ಬಾಗಿಲ ಸಂದಿಯಲ್ಲಿ ಸ್ಟೀಲ್ ಸ್ಕೇಲೊಂದು ನುಸುಳಿ ಕೊಂಡಿಗೆ ತಾಗಿದ ಸದ್ದು. ಸುಮತಿ ಮಂಚದ ಮೇಲೆ ಎದ್ದು ಕೂತಳು. ಕೋಣೆಯಲ್ಲಿ ಜೊತೆಗಿದ್ದ ಜಯಲಕ್ಷ್ಮೀ ತನ್ನ ಅಕ್ಕನ ಮನೆಗೆಂದು ಶೋಳಿಂಗನಲ್ಲೂರಿಗೆ ಹೋಗಿದ್ದಳು. ಚೆನ್ನೈ ಎಗ್ಮೋರಿನ ಆ ತರಬೇತಿ ಕಟ್ಟಡದ ಎರಡನೇ ಮಹಡಿಯಲ್ಲಿ ಇವಳೊಬ್ಬಳೇ. ಕೂಗಿದರೆ ಕೆಳಗಿನ ವಾಚ್‌ಮನ್‌ಗೆ ರೈಲಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ.

ಕೊಂಡಿ ಮೇಲೆದ್ದಿತು. ಒಳಗೆ ಬಂದವನು ಅಭಿಲಾಷ್.

ತಾಳವಾಡಿ ಬೆಟ್ಟದಂಚಿನ ಅವಳ ಊರಿನವನೇ, ಅಲ್ಲಿನ ಚರ್ಚ್ ಸಭೆಯ ಹಿರಿಯರ ಮಗ. ನಾಲ್ಕು ದಿನದ ನಾಯಕತ್ವ ತರಬೇತಿಗೆ ಸಭೆಗೊಬ್ಬ ಗಂಡಸು, ಒಬ್ಬ ಹೆಂಗಸು ಎಂದು ಕರೆದಿದ್ದರು. ಬೆಂಚಿನ ಕಡೆಯಿಂದ ಅವನು ಬಂದ, ಚಾಪೆಯ ಕಡೆಯಿಂದ ಇವಳು. ಊರಿನ ಚರ್ಚಿನಲ್ಲಿ ಮುಂದೆ ಮೇಲುಜಾತಿಯವರಿಗೆ ಬೆಂಚು, ಹಿಂದೆ ಉಳಿದವರಿಗೆ ಚಾಪೆ. ಕರ್ತನ ಭೋಜನದ ದ್ರಾಕ್ಷಾರಸಕ್ಕೆ ಬೆಂಚಿನವರಿಗೆ ಬೆಳ್ಳಿ ಬಟ್ಟಲು, ಚಾಪೆಯವರಿಗೆ ಹಿತ್ತಾಳೆಯದು. ಹೋದ ಈಸ್ಟರ್ ದಿನ ಕಣ್ಣು ಮಂಜಾದ ಮುದುಕಿಯೊಬ್ಬಳು ತಪ್ಪಿ ಬೆಳ್ಳಿಯದಕ್ಕೆ ಬಾಯಿಟ್ಟಳು. ಹಿರಿಯರು, ಅಭಿಲಾಷನ ಅಪ್ಪ, ಬಟ್ಟಲು ಕಿತ್ತುಕೊಂಡು ಕೆನ್ನೆಗೆ ಬಾರಿಸಿದರು. ಆ ಮುದುಕಿ ಸುಮತಿಯ ಅಜ್ಜಿ. ಅಂದಿನಿಂದ ಚಾಪೆ ಖಾಲಿ. ಅರವತ್ತು ಮನೆಯ ಸಭೆಯಲ್ಲಿ ಉಳಿದದ್ದು ಹನ್ನೊಂದು ಮನೆ.

ನಿಮ್ಮ ಚರ್ಚಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಚಿತ್ರ ಬರೆಯಿರಿ ಎಂದು ತರಬೇತಿಯ ನೀರಜಾ ಮೇಡಂ ಆ ಮಧ್ಯಾಹ್ನ ಹೇಳಿದ್ದರು. ಬರೆದದ್ದು ಈ ಕೋಣೆ ದಾಟುವುದಿಲ್ಲ ಎಂದೂ ಹೇಳಿದ್ದರು. ಸುಮತಿ ನಂಬಿದಳು. ಬೆಂಚು, ಚಾಪೆ ಎಲ್ಲ ಬರೆದು, ಸ್ವಲ್ಪ ತಡೆದು, ಎರಡು ಬಟ್ಟಲನ್ನೂ ಬರೆದಳು. ರಾತ್ರಿ ಊಟದ ಹೊತ್ತಿಗೆ ಯಾರೋ ತೆಗೆದ ಅದರ ಫೋಟೋ ಊರು ಮುಟ್ಟಿತ್ತು. ಆ ಚಾರ್ಟನ್ನು ಹರಿದುಹಾಕು ಎಂದು ಫೋನಿನಲ್ಲಿ ಅಭಿಲಾಷನ ಅಪ್ಪ ಕಿರುಚಿದ್ದು ಊಟದ ಕೋಣೆಗೆಲ್ಲ ಕೇಳಿಸಿತ್ತು.

ಆದರೂ ಅವಳು ಆಸೆ ಬಿಟ್ಟಿರಲಿಲ್ಲ. ಬೆಳಗಾದರೆ ಕೊನೆಯ ದಿನ. ಸಭೆಯನ್ನು ಬದಲಿಸಲು ಅಲ್ಲಿಂದ ಬಂದ ಇಬ್ಬರೂ ಸಹಿ ಹಾಕಿದ ಯೋಜನೆಯನ್ನು ಮಾತ್ರ ಚರ್ಚಿನ ಮೇಲಿನವರು ಒಪ್ಪುತ್ತಾರೆ. ಒಪ್ಪಿದರೆ ಸುಗ್ಗಿ ಹಬ್ಬಕ್ಕೆ ಮೇಡಂ ಹೊರಗಿನ ಪಾದ್ರಿ ಅಯ್ಯನವರನ್ನು ಕರೆತಂದು ಎಲ್ಲರಿಗೂ ಒಂದೇ ಬಟ್ಟಲಲ್ಲಿ ಕೊಡಿಸುತ್ತಾರೆ. ಅಜ್ಜಿಗೆ ಎಂಬತ್ತೆರಡು. ಇನ್ನೊಂದು ಸುಗ್ಗಿ ಕಾಯುವ ಹಾಗಿರಲಿಲ್ಲ.

“ಆ ಚಾರ್ಟ ಎಲ್ಲಿ ಮಡ್ಗಿದ್ದೀಯ?”

ಅವಳು ಮಂಚದಿಂದ ಎದ್ದಳು. ಅವನು ಜಡೆ ಹಿಡಿದೆಳೆದು ತಲೆಯನ್ನು ಗೋಡೆಗೆ ಚಚ್ಚಿದ. ಎರಡನೇ ಸಲಕ್ಕೆ ಬಾಯೊಳಗೆ ರಕ್ತದ ಉಪ್ಪು ಹತ್ತಿತು. ಕತ್ತಿಗೆ ಬಿದ್ದ ಬೆರಳುಗಳು ಬಿಗಿಯುತ್ತ ಹೋದವು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಅವಳು ಕಬ್ಬಿಣದ ಬೀರುವಿನತ್ತ ಕೈ ತೋರಿಸಿದಳು.

ಅವನು ಅವಳನ್ನು ನೆಲಕ್ಕೆ ಎಸೆದು ಬೀರು ತೆರೆದ. ಎಡಗೈಯಲ್ಲಿ ಸುರುಳಿ ಹೊರಗೆಳೆದ. ಬಲಗೈ ಇನ್ನೂ ಬೀರುವಿನ ಅಂಚಿನ ಮೇಲೇ ಇತ್ತು. ಸುಮತಿ ಎದ್ದು ಮೈಯೆಲ್ಲ ಹಾಕಿ ಬೀರುವಿನ ಬಾಗಿಲಿಗೆ ಬಿದ್ದಳು.

ಒಣಪುಳ್ಳೆ ಮುರಿದ ಹಾಗೆ ಸದ್ದಾಯಿತು. ಅವನು ಅವಳ ಮೊಣಕಾಲಿಗೆ ಒದ್ದ, ಮತ್ತೆ ಒದ್ದ. ಅವಳು ಬೆನ್ನು ಕೊಟ್ಟು ಒತ್ತಿಯೇ ನಿಂತಳು. ಬಾಗಿಲ ಬಣ್ಣದ ಮೇಲೆ ರಕ್ತ ಗೆರೆಯಾಗಿ ಇಳಿಯಿತು.

“ಬುಡು ಸುಮತಿ. ಬುಡು.”

ಒಂದೇ ಪ್ರಶ್ನೆ ಕೇಳಿ, ಆಮೇಲೆ ಸುಮ್ಮನೆ ಕಾಯಿರಿ ಎಂದು ಮೇಡಂ ಮೊದಲ ದಿನವೇ ಕಲಿಸಿದ್ದರು.

“ಅಣ್ಣ, ನಮ್ಮಜ್ಜಿಗ ಏಟು ಬಿದ್ದಾಗ ನೀವು ಎಲ್ಲಿದ್ರಿ?”

ಕಾದಳು. ರೈಲೊಂದು ಪೂರ್ತಿ ದಾಟಿಹೋಯಿತು.

“ಅಪ್ಪನ ಪಕ್ಕದಲ್ಲೇ,” ಎಂದ ಅವನು. “ಕೈ ಹಿಡೀಬೇಕಾಗಿತ್ತು ಕನ. ಹಿಡೀನಿಲ್ಲ.”

ಅವಳು ಬಾಗಿಲು ಬಿಟ್ಟಳು. ಎರಡು ಬೆರಳು ತಿರುಚಿ ನಿಂತಿದ್ದವು. ಅವನು ಗೋಡೆಗೊರಗಿ ಕುಸಿದ. ತಾನು ಹೀಗೂ ಮಾಡಬಲ್ಲೆ ಎಂಬುದು ಅವಳಿಗೆ ಅವನಿಗಿಂತ ಹೆಚ್ಚು ಭಯ ಹುಟ್ಟಿಸಿತು. ಟವೆಲು ಹರಿದು, ಅವನು ಕೊಂಡಿ ಎತ್ತಿದ ಸ್ಕೇಲನ್ನೇ ಬೆರಳಿಗೆ ಆಸರೆಯಿಟ್ಟು ಕಟ್ಟಿದಳು.

“ಬೆಳಿಗ್ಗೆ ಸಹಿ ಹಾಕಿ.”

“ಯಾವ ಕೈಲಿ ಹಾಕ್ಲಿ?”

“ಇನ್ನೊಂದು ಕೈ ಅದೆಯಲ್ಲ.”

ತಾನು ಬಂದದ್ದನ್ನು ಅವಳು ಯಾರಿಗಾದರೂ ಹೇಳುತ್ತಾಳೋ ಎಂದು ಅವನು ಕೇಳಿದ. ಅವಳು ಸುರುಳಿಯನ್ನು ಎತ್ತಿ ಮತ್ತೆ ಬೀರುವಿನಲ್ಲಿಟ್ಟಳು.

ಬೆಳಿಗ್ಗೆ ಅವನು ಎಡಗೈಯಲ್ಲಿ ಸೊಟ್ಟಸೊಟ್ಟಗೆ ಸಹಿ ಹಾಕಿದ. ನೀರಜಾ ಮೇಡಂ ನಕ್ಕರು.

“ಏನಪ್ಪಾ, ಊರು ಅಳೆಯಕ್ಕೆ ಹೊರಟ್ಯಾ, ಕೈಗೆ ಸ್ಕೇಲ್ ಕಟ್ಕೊಂಡು?”

ಬಾತ್‌ರೂಮಿನಲ್ಲಿ ಜಾರಿಬಿದ್ದೆ ಎಂದ ಅವನು. ಮೇಡಂ ಕಣ್ಣು ನಿಧಾನವಾಗಿ ಸುಮತಿಯ ಕಡೆ ತಿರುಗಿತು. ಅವಳು ಕತ್ತಿನ ಸುತ್ತ ಸೆರಗು ಸುತ್ತಿ ಪಿನ್ನು ಹಾಕಿದ್ದಳು.

“ನೀನೂ ಜಾರಿದ್ಯಾ?”

ಹೇಳಿದರೆ ಅವನು ಪೊಲೀಸ್ ಸ್ಟೇಷನ್ನಿಗೆ. ಕೈ ಮುರಿದು ಹಾಕಿಸಿದ ಸಹಿ ಎಂದು ಕಾಗದ ಕಸದ ಬುಟ್ಟಿಗೆ. ಅಜ್ಜಿ ಆ ಏಟನ್ನೇ ಹೊತ್ತುಕೊಂಡು ಸಾಯುತ್ತಾಳೆ.

“ಸೆಕೆಗೆ ಗುಳ್ಳೆ ಎದ್ದಿದೆ ಮೇಡಂ,” ಎಂದಳು.

ಅವಳ ಊರಿನ ಸಭೆಯಲ್ಲಿ ಎಲ್ಲರೂ ಗಟ್ಟಿಯಾಗಿ ಪ್ರಾರ್ಥಿಸುವುದು ರೂಢಿ. ಬೆಳಿಗ್ಗೆ ದೇವರಿಗೆ ಹೇಳಿದ್ದು ಮಧ್ಯಾಹ್ನಕ್ಕೆ ನಲ್ಲಿಯ ಹತ್ತಿರ ಎಲ್ಲರ ಬಾಯಲ್ಲೂ ಇರುತ್ತದೆ. ಹಾಗಾಗಿ ಪ್ರಾರ್ಥನೆಯಲ್ಲೂ ಬಾಯಿ ಬಿಡಬಾರದು, ಅಜ್ಜಿಗಂತೂ ಹೇಳಲೇಬಾರದು ಎಂದು ಸುಮತಿ ನಿಶ್ಚಯಿಸಿದಳು.